ಗೆದ್ದಲಿಗೂ ದಾಸೋಹ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠ ಅಂದ ಕೂಡಲೇ ಆನೆ, ಪಲ್ಲಕ್ಕಿ ಅಂತೆಲ್ಲ ನೀವು ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಒಲೆ, ಹಿಂದೆ ಒಂದಿಷ್ಟು ಬಯಲು, ಅಷ್ಟೇ. ಇದ್ದವರು ಇಬ್ಬರು: ಗುರು ಕೊಟ್ಟೂರಯ್ಯ, ಶಿಷ್ಯ ನಿಜಗುಣ.

ದಾಸೋಹವೊಂದೇ ಆ ಮಠದ ಐಶ್ವರ್ಯ. ದಾರಿಹೋಕರು ಯಾರೇ ಬರಲಿ, ಉಣ್ಣಿಸಿಯೇ ಕಳಿಸಬೇಕು. ಆದರೆ ಈಚೆಗೆ ಆ ದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ. ಎಷ್ಟೋ ದಿನ ಗುರುಶಿಷ್ಯರಿಬ್ಬರೇ ಎದುರುಬದುರು ಕೂತು ಉಂಡು, ಮಿಕ್ಕಿದ್ದನ್ನು ಮುಚ್ಚಿಡುತ್ತಿದ್ದರು.

ಗುರುವಿಗೊಂದು ವಿಚಿತ್ರ ಅಭ್ಯಾಸ. ಊರಿಗೆ ಹೋಗುವಾಗ ಚಪ್ಪಲಿ ಮೆಟ್ಟುವರು. ಹಿಂದಿನ ಬಯಲಿಗೆ ಮಾತ್ರ ಬರಿಗಾಲು. ಅದೋ, ಜಾಲಿಮುಳ್ಳಿನ ಬಯಲು!

"ಚಪ್ಪಲಿ ಹಾಕ್ಕೊಳ್ಳಿ ಬುದ್ಧಿ. ಮುಳ್ಳು ಕಿತ್ತು ಕಿತ್ತು ನನಗೆ ಸಾಕಾಯ್ತು," ಅಂತ ಶಿಷ್ಯ ಗೊಣಗುವನು.

"ಮುಳ್ಳು ಕೀಳೋ ನೆಪದಲ್ಲಾದ್ರೂ ನೀನು ನನ್ನ ಕಾಲು ಹಿಡೀತೀಯಲ್ಲ, ಮರಿ," ಅನ್ನುವರು ಗುರು.

ಆ ಚಳಿಗಾಲ ಗುರುವಿಗೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಒಂದು ಸಂಜೆ ಶಿಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.

"ನಾನು ಹೋದ ಮೇಲೆ ಬಯಲಲ್ಲಿ ಎಲ್ಲಾದರೂ ಕೂರಿಸಿಬಿಡು. ಮೈಮೇಲೆ ಹಳೇ ಹತ್ತಿ ಪಂಚೆ ಸಾಕು. ಭಕ್ತರು ಹೊದಿಸಿದ ಮಿರಮಿರ ಶಾಲು ಬೇಡಪ್ಪ, ಅದು ಮಣ್ಣಿಗೆ ಅರಗಲ್ಲ. ಒಂದಿಷ್ಟು ವಿಭೂತಿ, ಬಿಲ್ವದೆಲೆ. ತೆಗೆದ ಮಣ್ಣನ್ನೇ ತಿರುಗಿ ಮುಚ್ಚು. ಮೇಲೆ ಹುಲ್ಲು ಬರಲಿ."

"ಗದ್ದುಗೆ?"

"ಬೇಡ."

ಇಲ್ಲೊಂದು ಮಾತು ಹೇಳಬೇಕು. ಆ ಮಠದ ಪಂಥದಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಗುರುಗಳಾದರೆ ಆ ಜಾಗದ ಮೇಲೆ ಕಲ್ಲಿನ ಗದ್ದುಗೆ ಕಟ್ಟುತ್ತಾರೆ. ಅದರ ಹತ್ತಿರ ಹೋಗುವವರು ದೂರದಲ್ಲೇ ಚಪ್ಪಲಿ ಬಿಡುತ್ತಾರೆ.

ಶಿಷ್ಯ ಹ್ಞೂಂ ಅನ್ನಲಿಲ್ಲ.

ಸ್ವಲ್ಪ ದಿನಕ್ಕೆ ಗುರು ಪಕ್ಕದ ಹಳ್ಳಿಯ ಭಕ್ತರ ಮನೆಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಬಯಲಲ್ಲಿ ಚೌಕನೆಯ ಗುಂಡಿಯೊಂದು ಸಿದ್ಧವಾಗಿತ್ತು. ತಳಕ್ಕೂ ನಾಲ್ಕು ಗೋಡೆಗೂ ಸಿಮೆಂಟು ಬಳಿದು, ಕನ್ನಡಿಯ ಹಾಗೆ ನುಣ್ಣಗೆ ಮಾಡಿದ್ದ ನಿಜಗುಣ. ಅಂಚಿನಲ್ಲಿ ಗದ್ದುಗೆಗೆಂದು ಕಲ್ಲು ಬೇರೆ ಪೇರಿಸಿದ್ದ.

ಗುರು ಬರಿಗಾಲಲ್ಲಿ ಬಂದು ಬಗ್ಗಿ ನೋಡಿದರು.

"ಇದ್ಯಾಕೆ ಮರಿ ಸಿಮೆಂಟು?"

"ಗೆದ್ದಲು ಬರಬಾರದು ಬುದ್ಧಿ. ಎರೆಹುಳು, ಇರುವೆ, ಯಾವುದೂ ನಿಮ್ಮನ್ನ ಮುಟ್ಟಬಾರದು."

"ಇದು ದಾಸೋಹದ ಮಠ ಅಲ್ವೇನಪ್ಪ? ಹಸಿದು ಬಂದವರ ಮುಖಕ್ಕೆ ಬಾಗಿಲು ಹಾಕಿಸ್ತೀಯಾ ನನ್ನ ಕೈಲಿ?"

ಶಿಷ್ಯ ತಲೆ ತಗ್ಗಿಸಿದ.

"ಬಿಂದಿಗೆ ತಗೊಂಡು ಬಾ," ಅಂದರು ಗುರು.

ತಂದ. ಗುರುವೇ ಹೊಳೆಗೆ ಹೋಗಿ, ಕೆಮ್ಮುತ್ತಾ ನೀರು ಹೊತ್ತು ತಂದು ಗುಂಡಿಗೆ ಸುರಿದರು. ಮತ್ತೆ ತಂದರು, ಮತ್ತೆ ಸುರಿದರು. ನೋಡಲಾರದೆ ಶಿಷ್ಯ ಬಿಂದಿಗೆ ಕಿತ್ತುಕೊಂಡು ತಾನೇ ಹೊರತೊಡಗಿದ. ಗುಂಡಿ ತುಂಬುವವರೆಗೂ ಗುರು ಸಾಕು ಅನ್ನಲಿಲ್ಲ.

ಮಾರನೆಯ ದಿನ ನೋಡಿದರೆ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಭೇಷ್! ಒಂದು ಹನಿ ಸೋರಿಲ್ಲ," ಅಂದರು ಗುರು. "ಬೇಸಿಗೆಯಲ್ಲಿ ದನಕರುಗಳಿಗೆ ಚಿಂತೆಯಿಲ್ಲ. ಆ ಕಲ್ಲು ಹೊಳೆ ಹತ್ತಿರ ಹಾಕು, ಬಟ್ಟೆ ಒಗೆಯೋಕಾಗುತ್ತೆ."

ನಿಜಗುಣನಿಗೆ ನಗು ಬರಲಿಲ್ಲ. ತೊಟ್ಟಿಯ ಅಂಚಿನಲ್ಲಿ ಕುಸಿದು ಕೂತ.

"ನೀವು ತಮಾಷೆ ಮಾಡ್ತೀರಿ. ನನ್ನ ಅವ್ವನ್ನ ಊರಾಚೆ ಮಣ್ಣು ಮಾಡಿದ್ರು. ಆಗ ನನಗಿನ್ನೂ ತಿಳುವಳಿಕೆ ಇಲ್ಲ. ದೊಡ್ಡವನಾದ ಮೇಲೆ ಹೂ ತಗೊಂಡು ಹೋದೆ. ಎಲ್ಲಿ ನೋಡಿದ್ರೂ ಹುಲ್ಲು. ಒಂದು ಕಲ್ಲಿಲ್ಲ, ಗುರುತಿಲ್ಲ. ಕತ್ತಲಾಗೋವರೆಗೂ ತಿರುಗಿದೆ. ಹೂವು ವಾಪಸ್ ತಂದೆ ಬುದ್ಧಿ. ತಗೊಂಡು ಹೋದ ಹೂವು ಹಾಗೇ ವಾಪಸ್ ತಂದೆ."

ಗುರು ಬಂದು ಅವನ ಪಕ್ಕದಲ್ಲಿ ಕೂತರು.

"ಇನ್ನು ನನಗೆ ಅಂತ ಇರೋರು ನೀವೊಬ್ರೇ. ನೀವೂ ಹುಲ್ಲಾಗಿಬಿಟ್ಟರೆ ನಾನು ಎಲ್ಲಿಗೆ ಬಂದು ಕೂರಲಿ? ಯಾವ ಕಡೆ ಮುಖ ಮಾಡಿ ಮಾತಾಡಲಿ?"

ಗುರು ಎದ್ದರು.

"ಬಾ, ನಾಲ್ಕು ಹೆಜ್ಜೆ ಓಡಾಡೋಣ."

ಬಯಲಲ್ಲಿ ನಡೆದರು. ಗುರು ಮುಂದೆ, ಬರಿಗಾಲಲ್ಲಿ. ಶಿಷ್ಯ ಹಿಂದೆ, ಚಪ್ಪಲಿ ಚಟಚಟ ಅನ್ನಿಸುತ್ತಾ. ನಡುಬಯಲಿಗೆ ಬಂದಾಗ ಶಿಷ್ಯನಿಗೆ ಏನೋ ಹೊಳೆದು ಕೇಳಿದ.

"ಬುದ್ಧಿ, ನಿಮ್ಮ ಗುರುಗಳು ಎಲ್ಲಿದ್ದಾರೆ?"

"ಇಲ್ಲೇ, ಈ ಬಯಲಲ್ಲೇ. ನಾನೇ ಕೂರಿಸಿ ಮಣ್ಣು ಮುಚ್ಚಿದೆ."

"ಯಾವ ಜಾಗ?"

"ಗೊತ್ತಿಲ್ಲ."

"ಗೊತ್ತಿಲ್ವಾ!"

"ಆಗ ಗೊತ್ತಿತ್ತು. ಮುಂದಿನ ಮಳೆಗೆ ಹುಲ್ಲು ಬಂತು, ಕಾಣಲಿಲ್ಲ. ನಿನ್ನ ಹಾಗೇ ಹುಡುಕಿದೆ. ಮಂಡಿ ಊರಿ ಹುಡುಕಿದೆ, ಅತ್ತುಬಿಟ್ಟೆ. ಅವರ ಮೇಲೆ ಸಿಟ್ಟೂ ಬಂತು. ಎಂಥ ಮನುಷ್ಯ ಇವನು, ಒಂದು ಕಲ್ಲನ್ನಾದ್ರೂ ಬಿಟ್ಟು ಹೋಗಬಾರದಿತ್ತಾ ಅಂತ."

"ಆಮೇಲೆ ಆ ಸಂಕಟ ಹೋಯ್ತಾ?"

"ಇಲ್ಲ."

ಶಿಷ್ಯ ನಿಂತುಬಿಟ್ಟ. ಹೋಯ್ತು ಅನ್ನುತ್ತಾರೆ ಅಂದುಕೊಂಡಿದ್ದ ಪಾಪ.

"ಮತ್ತೆ ನಮಸ್ಕಾರ ಎಲ್ಲಿ ಮಾಡ್ತೀರಿ ಬುದ್ಧಿ?"

ಗುರು ಮುಂದಕ್ಕೆ ಹೆಜ್ಜೆ ಎತ್ತಿ, ಹಿಮ್ಮಡಿಯನ್ನು ನಿಧಾನವಾಗಿ ಊರಿದರು.

"ಗುರುತು ಇದ್ದಿದ್ರೆ, ಆ ಒಂದು ಜಾಗದಲ್ಲಿ ಮಾತ್ರ ಚಪ್ಪಲಿ ಬಿಡ್ತಿದ್ದೆ."

ನಿಜಗುಣ ಬಯಲನ್ನು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಹುಲ್ಲು. ಊರಾಚೆಯ ಆ ಹುಲ್ಲಿನ ಹಾಗೇ ಇತ್ತು ಇದೂ.

ಆಮೇಲೆ ಬಗ್ಗಿ, ಒಂದೊಂದಾಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ.

"ಹಳೇ ಪಂಚೆ ಒಗೆದು ಇಡ್ತೀನಿ ಬುದ್ಧಿ," ಅಂದ.

ಮಣ್ಣು ತಣ್ಣಗಿತ್ತು. ಮೊದಲ ಹೆಜ್ಜೆ ಇಡಲು ಕಾಲೆತ್ತಿದ.

ಗುರು ತಿರುಗಿ ನೋಡಿ ಅಂದರು:

"ಮೆಲ್ಲಗೆ, ಮರಿ. ಯಾರಿದ್ದಾರೋ ಏನೋ."