ಅಳತೆಗೋಲು ಮತ್ತು ಕಾಡುಗೆಣಸು

ಕಾಡುಗೆಣಸಿನ ವಿದ್ಯೆ ಕಲಿಯಬೇಕೆಂದು ಊರಿನ ಅಳತೆಗೋಲು ಕಾಡಿಗೆ ಹೋಗಿ, ಅಲ್ಲಿಯವರು ಗೆಣಸು ಅಗೆಯಲು ಬಳಸುವ ಹಳೆಯ ಕೋಲಾದ ಕೋಲಜ್ಜನ ಶಿಷ್ಯನಾಯಿತು. ಇಬ್ಬರೂ ಸೇರಿ ಒಂದು ಗೆಣಸನ್ನು ಮೇಲೆತ್ತಿದರು.

"ಒಂದು ಮೊಳ, ನಾಲ್ಕು ಬೆರಳು" ಎಂದಿತು ಅಳತೆಗೋಲು.

"ಸರಿ. ಬಳ್ಳಿಯ ಬುಡವನ್ನು ಮತ್ತೆ ಗುಂಡಿಗಿಟ್ಟು ಮಣ್ಣು ಮುಚ್ಚಪ್ಪ."

"ಮಣ್ಣು ಮುಚ್ಚುವುದೂ ಒಂದು ವಿದ್ಯೆಯೇ ಅಜ್ಜ?"

"ನಮ್ಮಲ್ಲಿ ಪಾಠ ಮುಗಿಯುವುದೇ ಅಲ್ಲಿ" ಎಂದು ಕೋಲಜ್ಜ ತಾನೇ ಮುಚ್ಚಿದ.

ಅಳತೆಗೋಲು ನಕ್ಕು, ಉಳಿದ ಗೆಣಸನ್ನೆಲ್ಲ ಅಗೆದು ಅಳೆದು, ಗುಂಡಿಗಳನ್ನು ಹಾಗೆಯೇ ಬಿಟ್ಟು, ಬರೀ ಅಳತೆಗಳೊಂದಿಗೆ ಊರಿಗೆ ಮರಳಿತು.

"ಒಂದು ಗೆಣಸನ್ನಾದರೂ ತಂದು ತೋರಿಸು. ಇಲ್ಲದಿದ್ದರೆ ನಿನ್ನ ಅಳತೆಯನ್ನು ನಂಬುವವರು ಯಾರು?" ಎಂದಿತು ಊರಿನ ತಕ್ಕಡಿ.

ಮಳೆ ಬಿದ್ದ ಮೇಲೆ ಅಳತೆಗೋಲು ಮತ್ತೆ ಕಾಡಿಗೆ ಬಂತು. ತಾನು ಅಗೆದಲ್ಲೆಲ್ಲ ಬರಿಯ ಗುಂಡಿಗಳು. ಕೋಲಜ್ಜ ಮುಚ್ಚಿದಲ್ಲಿ ಮಾತ್ರ ಒಂದೇ ಒಂದು ಎಳೆಯ ಬಳ್ಳಿ, ಏರಲು ಆಸರೆಯಿಲ್ಲದೆ ನೆಲದ ಮೇಲೆ ಹೊರಳುತ್ತಿತ್ತು.

"ಅಗೆದುಕೊಂಡು ಹೋಗಪ್ಪ, ನಿನ್ನ ಮಾನ ಉಳಿಯುತ್ತದೆ" ಎಂದ ಕೋಲಜ್ಜ.

ಅಳತೆಗೋಲು ಅದನ್ನು ಅಗೆಯಲಿಲ್ಲ. ಬಳ್ಳಿಯ ಪಕ್ಕದಲ್ಲಿ ತನ್ನನ್ನು ತಾನೇ ನೆಟ್ಟುಕೊಂಡಿತು. ಕಾರ್ತಿಕ ಬರುವಷ್ಟರಲ್ಲಿ ಬಳ್ಳಿ ಅದನ್ನು ಸುತ್ತಿಕೊಂಡು ಮೇಲೇರಿತು; ಅಂಕಿಗಳೆಲ್ಲ ಎಲೆಗಳಡಿ ಮರೆಯಾದವು.

"ಗೆಣಸು ಈಗ ಎಷ್ಟುದ್ದ ಇದೆಯಪ್ಪ?" ಎಂದು ಕೋಲಜ್ಜ ಕೆಣಕಿದ.

"ತಿಳಿಯದಜ್ಜ," ಎಂದಿತು ಅಳತೆಗೋಲು, "ಇನ್ನೂ ಬೆಳೆಯುತ್ತಿದೆ."