ಅರಸನ ಮಾತಿನವ

“ಬುದ್ಧಿ, ಸರಕಾರದ ಪರವಾಗಿ ನಿಂತ ವಕೀಲ ಯಾರ ಕಡೆಯವನು?”

ಕೇಳಿದವನು ಮರುಳಸಿದ್ಧಪ್ಪ. ಇಪ್ಪತ್ತೆಂಟು ವರ್ಷ ಹೈಕೋರ್ಟಿನಲ್ಲಿ ವಕೀಲಿ ಮಾಡಿದವನು. ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವನಾದ್ದರಿಂದ ಗಟ್ಟಿ ಪ್ರಶ್ನೆ ಎದುರಾದಾಗಲೆಲ್ಲ ಗುರುಗಳ ಬಳಿ ಬರುವುದು ಅವನ ರೂಢಿ. ರಾಜ್ಯದ ಅಡ್ವೊಕೇಟ್ ಜನರಲ್ ಆಗಬೇಕೆಂದು ಸರಕಾರ ಅವನನ್ನು ಕೇಳಿತ್ತು. ಸೋಮವಾರದೊಳಗೆ ಉತ್ತರ ಕೊಡಬೇಕಾಗಿತ್ತು. ಒಲ್ಲೆನೆಂದು ಹೇಳಿಬಿಡುವ ಮನಸ್ಸು ಮಾಡಿಕೊಂಡೇ ಬಂದಿದ್ದ.

“ನಿನಗೇನು ಅನ್ನಿಸುತ್ತದೆ? ಮೊದಲು ಅದನ್ನು ಹೇಳು” ಎಂದರು ಗುರುಗಳು.

“ಬೇಡ ಅನ್ನಿಸುತ್ತದೆ ಬುದ್ಧಿ. ನೇಮಿಸುವವರು ಅವರು. ಅವರು ಹೇಳಿದ ಹಾಗೆ ಹೇಳಿದರೆ ಹೆಸರು ಕೆಡುತ್ತದೆ. ಹೇಳದಿದ್ದರೆ ಮರುದಿನ ಮನೆಗೆ. ದೂರ ಇದ್ದುಬಿಡುವುದೇ ಒಳ್ಳೆಯದಲ್ಲವೇ?”

“ಅಂತೂ ನಿನ್ನ ಹೆಸರಿನ ಚಿಂತೆ ನಿನಗೆ. ಆಗಲಿ. ಒಬ್ಬ ಅರಸನ ಕತೆ ಹೇಳುತ್ತೇನೆ, ನೆಟ್ಟಗೆ ಕೂತು ಕೇಳು. ನಡುವೆ ಬಾಯಿ ಹಾಕಿ ಕಾನೂನಿನ ಕಲಂ ಹೇಳಬೇಡ” ಎಂದು ಗುರುಗಳು ಶುರು ಮಾಡಿದರು.

ಒಬ್ಬ ಅರಸನಿದ್ದ. ನಾಡಿನ ವ್ಯಾಜ್ಯಗಳನ್ನೆಲ್ಲ ತಾನೇ ಕೂತು ತೀರಿಸುತ್ತಿದ್ದ. ಅಣ್ಣತಮ್ಮಂದಿರ ಜಗಳ, ಬದುವಿನ ಜಗಳ, ಯಾವುದೇ ಬರಲಿ, ಜನ ಅವನ ತೀರ್ಪನ್ನು ಒಪ್ಪುತ್ತಿದ್ದರು. ಒಂದು ಸಲ ಅರಮನೆಯ ಆನೆ ಒಬ್ಬನ ಎಲೆತೋಟಕ್ಕೆ ನುಗ್ಗಿ ಎಲ್ಲವನ್ನೂ ತುಳಿದುಹಾಕಿತು. ಅರಸನೇ ತೋಟದವನನ್ನು ಕರೆಸಿದ. ‘ನಿನ್ನ ದೂರು ಏನಿದೆ, ಹೇಳು’ ಎಂದ. ತೋಟದವನು ಕೈಮುಗಿದು, ‘ದೂರು ಎಲ್ಲಿಯದು ಮಹಾಪ್ರಭು, ತಪ್ಪು ನನ್ನದೇ. ಆನೆ ಬರುವ ಕಡೆ ತೋಟ ಮಾಡಿಬಿಟ್ಟಿದ್ದೆ’ ಎಂದ.

ಸಭೆ ನಕ್ಕಿತು. ಅರಸನೂ ನಕ್ಕ. ಆದರೆ ಅವನಿಗೆ ಅಂದು ಊಟ ಸೇರಲಿಲ್ಲ. ತೋಟ ಆ ತೋಟದವನ ಅಪ್ಪನ ಕಾಲದ್ದು, ಆನೆ ಅರಮನೆಗೆ ಬಂದದ್ದು ಹೋದ ವರ್ಷ. ಎದುರಿಗೆ ತಾನು ಕೂತಿರುವ ತನಕ ತನ್ನ ಮೇಲೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ನಾಚಿಕೆಯಾಯಿತು. ಒಳ್ಳೆಯ ಅರಸ ಅವನು, ನಾಚಿಕೆ ಇನ್ನೂ ಉಳಿದಿತ್ತು.

ಅಂದಿನಿಂದ ಅರಮನೆಗೂ ಪ್ರಜೆಗೂ ವ್ಯಾಜ್ಯ ಬಿದ್ದರೆ ಅರಸ ಸಭೆಗೆ ಬರುವುದನ್ನು ಬಿಟ್ಟ. ತೀರ್ಪು ಹೇಳಲು ಒಬ್ಬ ನ್ಯಾಯಾಧಿಕಾರಿಯನ್ನು ಕೂರಿಸಿದ. ತನ್ನ ಪರವಾಗಿ ಮಾತಾಡಲು ಇನ್ನೊಬ್ಬನನ್ನು ನೇಮಿಸಿ ಶಾಲು ಹೊದಿಸಿದ. ಜನ ಇವನನ್ನು ಅರಸನ ಮಾತಿನವ ಎಂದು ಕರೆದರು. ಆದರೆ ಅರಮನೆಯ ಶಾಲು ಹೊದ್ದು ನಿಂತವನ ಎದುರು ಯಾವ ಬಡವ ಧೈರ್ಯವಾಗಿ ಮಾತಾಡುತ್ತಾನೆ? ಅವನನ್ನು ಕಂಡರೂ ಜನ ನಡುಗಿದರು. ಆಗ ಅರಸ ಒಂದು ಕಟ್ಟಳೆ ಮಾಡಿದ. ಮಾತಿನವ ಸಭೆಯಲ್ಲಿ ಮೊದಲು ಎದುರು ಕಡೆಯವರ ಮಾತನ್ನು ತಾನೇ ಆಡಬೇಕು. ಪೂರ್ತಿಯಾಗಿ ಆಡಬೇಕು. ಎದುರು ಕಡೆಯವನು ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪಿದ ಮೇಲೆಯೇ ಅರಸನ ಪರವಾಗಿ ಬಾಯಿ ತೆರೆಯಬೇಕು.

ಕಟ್ಟಳೆ ಚೆನ್ನಾಗಿತ್ತು. ಮಾಡಿದವನು ಸತ್ತ ಮೇಲೆ ಸವೆಯಿತು. ಅವನ ಮೊಮ್ಮಗ ಅರಸನಾಗುವ ಹೊತ್ತಿಗೆ ಮಾತಿನವರು ಒಂದು ರೂಢಿ ಮಾಡಿಕೊಂಡಿದ್ದರು. ವ್ಯಾಜ್ಯದ ಹಿಂದಿನ ದಿನ ಎದುರು ಕಡೆಯವನನ್ನು ಕರೆಸುವುದು, ಅವನು ಹೆದರಿ ತಡವರಿಸಿ ಹೇಳಿದ ನಾಲ್ಕು ಮಾತನ್ನು ಕೇಳಿಕೊಳ್ಳುವುದು, ಮರುದಿನ ಆ ನಾಲ್ಕನ್ನೇ ಸಭೆಯಲ್ಲಿ ಒಪ್ಪಿಸಿ ಕೈತೊಳೆದುಕೊಳ್ಳುವುದು. ಪಾಪ, ಅವನೂ ‘ಹೌದು, ಇದೇ ನನ್ನ ಮಾತು’ ಎನ್ನುತ್ತಿದ್ದ. ಕಟ್ಟಳೆ ಮುರಿಯಿತೆಂದು ಯಾರೂ ಬೊಟ್ಟು ಮಾಡುವ ಹಾಗಿರಲಿಲ್ಲ.

ಆ ಊರಿನ ಹೊಳೆಗೆ ಒಂದು ಕಡವು ಇತ್ತು. ಜನ ಹೊಳೆ ದಾಟುವ ಜಾಗ. ಅಲ್ಲಿ ಒಬ್ಬ ಅಂಬಿಗಿತ್ತಿ ದೋಣಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಮೂರು ಹೆಣ್ಣುಮಕ್ಕಳು. ಆ ಕಡವು ಹೋದರೆ ಅವರಿಗೆ ಬೇರೆ ಬದುಕಿಲ್ಲ. ಹೊಸ ಅರಸ ಅದನ್ನು ಒಬ್ಬ ವ್ಯಾಪಾರಿಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟ. ಹುಣ್ಣಿಮೆಯೊಳಗೆ ಜಾಗ ಖಾಲಿ ಮಾಡು ಎಂದು ಅವಳಿಗೆ ಅಪ್ಪಣೆ ಹೋಯಿತು. ಅವಳು ಮಾಡಲಿಲ್ಲ. ಸೀದಾ ನ್ಯಾಯಸಭೆಗೆ ಬಂದು ಅರಸನ ಮೇಲೆಯೇ ದೂರು ಕೊಟ್ಟಳು. ಗಟ್ಟಿಗಿತ್ತಿ.

ಆಗ ಮಾತಿನವನಾಗಿದ್ದವನು ನಿನ್ನ ಹಾಗೆಯೇ ಓದಿಕೊಂಡವನು. ನಿನ್ನ ಹಾಗೆಯೇ ಒಳ್ಳೆಯವನು ಅನ್ನಿಸಿಕೊಳ್ಳುವ ಆಸೆ ಬೇರೆ. ರೂಢಿಯಂತೆ ಅವಳನ್ನು ಕರೆಸಿ, ‘ಏನಮ್ಮಾ ನಿನ್ನ ಮಾತು?’ ಎಂದು ಕೇಳಿದ.

‘ನಮ್ಮತ್ತೆ ಇಲ್ಲೇ ದಾಟಿಸ್ತಿದ್ದಳು ಸ್ವಾಮಿ. ಅವರತ್ತೇನೂ ಇಲ್ಲೇ ದಾಟಿಸ್ತಿದ್ದಳು. ಈಗ ನಾನು ದಾಟಿಸ್ತೀನಿ. ಇಷ್ಟೇ ನನಗೆ ಗೊತ್ತಿರೋದು’ ಎಂದಳು ಅವಳು.

ಅರಸನ ಪರ ಏನಾದರೂ ಸಿಕ್ಕೀತೆಂದು ಅವನು ಅರಮನೆಯಲ್ಲಿ ಹಳೆಯ ಓಲೆಗಳನ್ನಿಡುವ ಕೋಣೆಗೆ ಹೋದ. ಸಿಕ್ಕಿತು. ಆದರೆ ಸಿಕ್ಕಿದ್ದು ಅವಳ ಪರ. ಕಟ್ಟಳೆ ಮಾಡಿದ್ದ ಆ ಹಳೆಯ ಅರಸನೇ ಬರೆಸಿದ್ದ ಓಲೆ. ‘ಈ ಕಡವನ್ನು ಈ ಅಂಬಿಗರ ಮನೆತನಕ್ಕೆ ಕೊಟ್ಟಿದ್ದೇವೆ. ನಮ್ಮ ವಂಶದವರು ಯಾರೂ ಇದನ್ನು ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ’ ಎಂದಿತ್ತು. ಅಂಬಿಗರ ಮನೆಯಲ್ಲಿದ್ದ ಇನ್ನೊಂದು ಪ್ರತಿ ಯಾವುದೋ ನೆರೆಯಲ್ಲಿ ಕೊಚ್ಚಿಹೋಗಿತ್ತು. ಅಂಥದೊಂದು ಇತ್ತು ಎಂಬುದೂ ಈ ಹೆಂಗಸಿಗೆ ತಿಳಿಯದು.

ಅವನು ಓಲೆಯನ್ನು ಅರಸನ ಮುಂದಿಟ್ಟ. ಅರಸ ಎರಡು ಸಲ ಓದಿದ.

‘ಇದು ಅವಳಿಗೆ ಗೊತ್ತೇ?’

‘ಇಲ್ಲ ಪ್ರಭು.’

‘ಹಾಗಾದರೆ ಅವಳು ಏನು ಹೇಳಿದಳೋ ಅದನ್ನು ಹೇಳು. ಅವಳು ಹೇಳದ್ದನ್ನು ನೀನೇಕೆ ಹೇಳುತ್ತೀಯ? ಇಷ್ಟು ದಿನ ಎಲ್ಲರೂ ಮಾಡಿದ್ದು ಅದನ್ನೇ. ನಾನು ವ್ಯಾಪಾರಿಗೆ ಮಾತು ಕೊಟ್ಟಿದ್ದೇನೆ, ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ’ ಎಂದು ಅರಸ ಅವನ ಹೆಗಲ ಮೇಲೆ ಕೈಯಿಟ್ಟ. ಗದರಲಿಲ್ಲ, ಹೆದರಿಸಲಿಲ್ಲ. ಓಲೆಯನ್ನೂ ಅವನ ಕೈಯಲ್ಲೇ ಬಿಟ್ಟ. ಅಷ್ಟು ನಂಬಿಕೆ.

ಇಲ್ಲಿ ಮರುಳಸಿದ್ಧಪ್ಪನಿಗೆ ತಡೆಯಲಾಗಲಿಲ್ಲ. “ಬುದ್ಧಿ, ಅರಸ ಅವನ ಕಕ್ಷಿಗಾರ. ಕಕ್ಷಿಗಾರನ ಗುಟ್ಟನ್ನು ವಕೀಲ ಹೊರಗೆ ಹಾಕುವಂತಿಲ್ಲ” ಎಂದ.

“ಬಂತಲ್ಲಪ್ಪಾ ಕಲಂ!” ಎಂದು ಗುರುಗಳು ರೇಗಿದರು. “ಅವನು ವ್ಯಾಪಾರಿಯ ವಕೀಲನಾಗಿದ್ದರೆ ನೀನು ಹೇಳುವುದು ಸರಿ, ಬಾಯಿ ಮುಚ್ಚಿಕೊಂಡೇ ಇರಬೇಕು. ಇವನನ್ನು ಇಟ್ಟದ್ದು ಯಾಕಯ್ಯಾ? ಅರಸ ಗೆಲ್ಲಲಿ ಎಂದೇ? ಗೆಲ್ಲುವುದಕ್ಕೆ ಅರಸನಿಗೆ ಇನ್ನೊಬ್ಬ ಯಾಕೆ ಬೇಕು, ತಾನೇ ಬಂದು ಸಭೆಯಲ್ಲಿ ಕೂತರೆ ಸಾಕು. ಅರಸನ ಎದುರು ನಿಂತವನಿಗೂ ನ್ಯಾಯ ಸಿಗಲಿ ಎಂದು ಇಟ್ಟದ್ದು. ಮುಂದಕ್ಕೆ ಕೇಳು.”

ಮಾತಿನವ ದಾರಿಯುದ್ದಕ್ಕೂ ಯೋಚಿಸಿದ. ಸುಳ್ಳಾಡಲು ಮನಸ್ಸಿಲ್ಲ, ಅರಸನ ಮಾತು ಮೀರಲು ಧೈರ್ಯವಿಲ್ಲ. ಮನೆ ಮುಟ್ಟುವ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆದಿತ್ತು. ಹೊಳೆದದ್ದೇ ಮನಸ್ಸು ಹಗುರಾಯಿತು. ಹೆಂಡತಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

‘ನಾಳೆ ಬೆಳಿಗ್ಗೆಯೇ ಶಾಲು ಹಿಂದಕ್ಕೆ ಕೊಟ್ಟುಬಿಡುತ್ತೇನೆ. ಈ ಪಾಪದಲ್ಲಿ ನನಗೆ ಪಾಲು ಬೇಡ’ ಎಂದು ನಡೆದದ್ದೆಲ್ಲವನ್ನೂ ಅವಳಿಗೆ ಹೇಳಿದ.

‘ಆಮೇಲೆ?’ ಎಂದಳು ಅವಳು.

‘ಆಮೇಲೇನು, ನಮ್ಮೂರಿಗೆ ಹೋದರಾಯಿತು.’

‘ನಮಗೆ ಆಮೇಲೆ ಏನು ಅಂತ ನಾನು ಕೇಳಲಿಲ್ಲ. ಅವಳಿಗೆ ಆಮೇಲೆ?’

ಅವಳು ಮೊರ ಕೆಳಗಿಟ್ಟಳು.

‘ಮಧ್ಯಾಹ್ನದೊಳಗೆ ನಿಮ್ಮ ಜಾಗಕ್ಕೆ ಇನ್ನೊಬ್ಬ ಬರ್ತಾನೆ ರೀ. ಅವನು ಓಲೆ ಹುಡುಕೋದಿಲ್ಲ. ಎದುರಿಗಿಟ್ಟರೂ ಅವನ ಕಣ್ಣಿಗೆ ಕಾಣೋದಿಲ್ಲ. ನೀವು ಒಳ್ಳೆಯವರು ಅನ್ನಿಸಿಕೊಂಡು ಊರು ಸೇರ್ತೀರಿ, ಅವಳು ಮೂರು ಮಕ್ಕಳನ್ನ ಕಟ್ಟಿಕೊಂಡು ಬೀದಿಗೆ ಬೀಳ್ತಾಳೆ. ಈ ಮನೆ ಬಿಡಬೇಕಲ್ಲಾ ಅಂತ ನನಗೂ ಹೊಟ್ಟೆ ಉರೀತಿದೆ. ಅರಮನೆ ಕೊಟ್ಟದ್ದಾದರೂ ಹನ್ನೊಂದು ವರ್ಷ ಬಾಳಿದ ಮನೆ. ಹೋಗೋದೇ ಆದರೆ ಕೆಲಸ ಮಾಡಿ ಹೋಗೋಣ. ಮಾಡದೆ ಹೋಗೋದಕ್ಕೆ ನಾನಂತೂ ಗಂಟು ಕಟ್ಟೋದಿಲ್ಲ.’

ಅವನಿಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು. ಊಟವನ್ನೂ ಬೇಡವೆಂದ. ಬೆಳಿಗ್ಗೆ ಎದ್ದವನು ಸ್ನಾನ ಮಾಡಿದ, ಶಾಲು ಹೊದ್ದ, ಓಲೆಯನ್ನು ಮಡಿಲಲ್ಲಿ ಸೇರಿಸಿಕೊಂಡ. ಬಾಗಿಲಲ್ಲಿ ನಿಂತು, ‘ಗಂಟು ಕಟ್ಟು’ ಎಂದು ಹೆಂಡತಿಗೆ ಹೇಳಿ ಸಭೆಗೆ ನಡೆದ.

ಸಭೆ ತುಂಬಿತ್ತು. ವ್ಯಾಪಾರಿ ಮುಂದೆಯೇ ಕೂತಿದ್ದ. ಅಂಬಿಗಿತ್ತಿ ಕಂಬದ ಪಕ್ಕ ನಿಂತಿದ್ದಳು. ಮಾತಿನವ ಎದ್ದು, ಅವಳ ಅತ್ತೆ, ಆ ಅತ್ತೆಯ ಅತ್ತೆ ಅದೇ ಕಡವಿನಲ್ಲಿ ದೋಣಿ ನಡೆಸಿದ್ದನ್ನು ಹೇಳಿದ. ಅವಳು ಹೇಳಿದ ಅಷ್ಟೂ ಮಾತು ಮುಗಿಯಿತು. ನ್ಯಾಯಾಧಿಕಾರಿ ಅವಳ ಕಡೆ ತಿರುಗಿದ. ಅವಳು ‘ಹೌದು’ ಎನ್ನಲು ಬಾಯಿ ತೆರೆದಳು.

‘ತಡಿ ತಾಯಿ, ನಿನ್ನ ಮಾತು ಇನ್ನೂ ಮುಗಿದಿಲ್ಲ’ ಎಂದ ಮಾತಿನವ.

ಓಲೆಯನ್ನು ತೆಗೆದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ. ಓದುವಾಗ ಎರಡು ಕಡೆ ತಡವರಿಸಿದ, ಆದರೆ ಒಂದು ಮಾತನ್ನೂ ಬಿಡಲಿಲ್ಲ. ವ್ಯಾಪಾರಿ ಎದ್ದು ನಿಂತ. ಅಂಬಿಗಿತ್ತಿಗೆ ಏನೂ ಅರ್ಥವಾಗದೆ, ‘ಅದೂ ನನ್ನ ಮಾತೇನಾ?’ ಎಂದು ಪಕ್ಕದವರನ್ನು ಕೇಳಿದಳು. ಹೌದೆಂದು ಅವರು ಹೇಳಿದ ಮೇಲೆ, ‘ಹಾಗಾದರೆ ಹೌದು, ಇದೇ ನನ್ನ ಮಾತು’ ಎಂದಳು.

‘ಈಗ ಅರಸರ ಪರವಾಗಿ ಹೇಳುವುದು ಏನಿದೆ?’ ಎಂದು ನ್ಯಾಯಾಧಿಕಾರಿ ಕೇಳಿದ.

‘ಅದನ್ನೂ ಹೇಳಿಯಾಯಿತು. ಈ ಓಲೆ ಅರಸರದೇ ಮಾತು. ವ್ಯಾಪಾರಿಗೆ ಈ ತಿಂಗಳು ಮಾತು ಕೊಟ್ಟದ್ದು ಒಬ್ಬ ಅರಸರ ಬಾಯಿ. ಓಲೆಯ ಮಾತು ಸಿಂಹಾಸನ ಕೊಟ್ಟದ್ದು. ನಾನು ಸಿಂಹಾಸನದ ಪರ ನಿಂತವನು, ಅದು ಆಡಿದ ಮಾತನ್ನು ಉಳಿಸಿಕೊಡಿ ಎಂದು ಕೇಳುತ್ತೇನೆ’ ಎಂದು ಅವನು ಕೂತುಕೊಂಡ.

ಕಡವು ಅಂಬಿಗಿತ್ತಿಗೇ ಉಳಿಯಿತು. ಮಾತಿನವನ ಕೆಲಸ ಮರುದಿನವೇ ಹೋಯಿತು. ಸೂರ್ಯ ಮುಳುಗುವುದರೊಳಗೆ ಮನೆ ಬಿಡಬೇಕೆಂದು ಅರಮನೆಯಿಂದ ಆಳು ಬಂದ. ಗಂಡ ಹೆಂಡತಿ ಗಂಟುಮೂಟೆ ಹೊತ್ತು ಹೊಳೆಯ ಬಳಿಗೆ ಬಂದರು. ಅವರೂರಿಗೆ ಹೋಗಬೇಕಾದರೆ ಅದೇ ಕಡವು ದಾಟಬೇಕು. ಶಾಲಿಲ್ಲದ ಅವನ ಗುರುತು ಅಂಬಿಗಿತ್ತಿಗೆ ಹತ್ತಲಿಲ್ಲ. ‘ಅಯ್ಯೋ, ಇಷ್ಟೊಂದು ಹೇರಿದರೆ ದೋಣಿ ಮುಳುಗೋದಿಲ್ವಾ? ಅರ್ಧ ಗಂಟು ಆಮೇಲೆ ತರ್ತೀನಿ’ ಎಂದು ಗದರಿದಳು. ಹುಟ್ಟು ಹಾಕುತ್ತಾ, ನ್ಯಾಯಾಧಿಕಾರಿ ದೇವರಂಥವನೆಂದೂ, ಅರಸನ ಕಡೆ ಒಬ್ಬ ಇದ್ದನಲ್ಲ, ಅವನಿಗೆ ನೆಟ್ಟಗೆ ಓದಲೂ ಬರುವುದಿಲ್ಲವೆಂದೂ ಅವರಿಗೇ ಹೇಳಿದಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನಿಗೆ ಮಾತ್ರ ನಗು ಬರಲಿಲ್ಲ, ಬೇಜಾರಾಯಿತು. ಆಚೆ ದಡದಲ್ಲಿ ಇಳಿದು ಇಬ್ಬರೂ ಊರಿನ ದಾರಿ ಹಿಡಿದರು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧಪ್ಪ ಸ್ವಲ್ಪ ಹೊತ್ತು ಕಾದ. ಅರಸ ಪಶ್ಚಾತ್ತಾಪಪಟ್ಟು ಅವನನ್ನು ಮತ್ತೆ ಕರೆಸಿದನೆಂಬ ಮಾತು ಬರಬಹುದೆಂದು ಕಾದ. ಬರಲಿಲ್ಲ.

“ಇದೇನು ಬುದ್ಧಿ! ಅರಸನಿಗೆ ಅವನು ಬೇಡವಾದ. ಉಳಿಸಿಕೊಟ್ಟವನು ಯಾರೆಂದು ಅವಳಿಗೂ ತಿಳಿಯಲಿಲ್ಲ. ಹನ್ನೊಂದು ವರ್ಷದ ಹುದ್ದೆಯನ್ನು ಒಂದೇ ಒಂದು ದಿನದ ಮಾತಿಗೆ ಕಳೆದುಕೊಂಡನಲ್ಲ” ಎಂದ. ಅವನ ದನಿಯಲ್ಲಿ ಸಂಕಟವಿತ್ತು.

ಗುರುಗಳು ಅವನನ್ನೇ ದಿಟ್ಟಿಸಿ ಹೇಳಿದರು: “ಆ ಹುದ್ದೆ ಇರುವುದೇ ಆ ಒಂದು ದಿನಕ್ಕಾಗಿ ಕಣಯ್ಯಾ.”