ದೊಡ್ಡಿಗೆ ಬಿದ್ದ ನೀರು

ಮೇಲಿನ ಹೊಲದ ಪುಟ್ಟಸಿದ್ದಪ್ಪನವರು ಹಳ್ಳಕ್ಕೆ ಅಡ್ಡ ಒಡ್ಡು ಹಾಕಿಸಿಬಿಟ್ಟರು. ಕೆಳಗಿನ ಹೊಲದ ಸಣ್ಣೀರಮ್ಮನ ಮೆಣಸಿನ ಗಿಡಗಳು ಒಣಗತೊಡಗಿದವು. ಕೇಳಲು ಹೋದರೆ ಒಂದೇ ಮಾತು: “ನನ್ನ ನೆಲಕ್ಕೆ ಬಂದ ನೀರು ನನ್ನ ಸ್ವತ್ತು. ನಿನಗೇನು ಗೊತ್ತು ಕಾನೂನು?”

ಹರಿಯುವ ನೀರಿಗೆ ಯಜಮಾನನಂತೆ! ಇಂಥವರು ನಾಳೆ ಗಾಳಿಗೂ ಬೇಲಿ ಹಾಕುತ್ತಾರೆ. ಊರ ಹಿರಿಯರೋ, ತಲೆ ಕೆರೆದುಕೊಂಡು ಸುಮ್ಮನಾದರು. ಹಿಂದೆ ಆಕೆಯ ಎಮ್ಮೆ ತಮ್ಮ ಹೊಲ ಮೇಯಿತೆಂದು ದೊಡ್ಡಿಗೆ ಕೂಡಿಸಿ ದಂಡ ಕಟ್ಟಿಸಿದವರೂ ಇದೇ ಸಿದ್ದಪ್ಪನವರು. ಆಗಲೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ತಮ್ಮ ಈರುಳ್ಳಿ ಮುಳುಗುತ್ತದೆಂದು ಸಿದ್ದಪ್ಪನವರು ಒಡ್ಡು ಒಡೆಸಿದರು. ನೀರೆಲ್ಲ ಸಣ್ಣೀರಮ್ಮನ ಹೊಲಕ್ಕೆ ನುಗ್ಗಿತು. ಆಕೆ ಅಳಲಿಲ್ಲ. ನೀರು ಹೊರಹೋಗುವ ಕಂಡಿಗೆ ಮಣ್ಣಿನ ಚೀಲ ಜಡಿದು, ಬದುವಿನ ಮೇಲೆ ಕೂತಳು. ನೀರು ನಿಂತಿತು, ಏರಿತು, ಈರುಳ್ಳಿಯ ಕಡೆಗೇ ಹಿಂದಿರುಗಿತು.

ಸಿದ್ದಪ್ಪನವರು ಹಿರಿಯರನ್ನೂ ಎಳೆದುಕೊಂಡು ಓಡಿಬಂದರು. “ತೆಗಿಯೇ ಚೀಲಾನ!”

“ಹೆಂಗೆ ತೆಗೀಲಿ ಯಜಮಾನ್ರೇ? ನಿಮ್ಮ ನೀರು ನನ್ನ ಹೊಲ ಮೇದದೆ. ದೊಡ್ಡಿಗೆ ಕೂಡಿದೀನಿ. ನಂದೇ ಅಂತ ಒಪ್ಕೊಂಡು, ದಂಡ ಕಟ್ಟಿ, ಹೊಡ್ಕೊಂಡು ಹೋಗಿ.”

“ಹಳ್ಳದ ನೀರು ಕಣೇ ಅದು! ನಂದು ಹೆಂಗಾಯ್ತದೆ?”

ಸಣ್ಣೀರಮ್ಮ ಹಿರಿಯರ ಕಡೆ ತಿರುಗಿದಳು. “ಕೇಳಿಸ್ತಾ? ಈಗಲಾದ್ರೂ ಬಾಯಿ ಬಿಡಿ.”

ಹಿರಿಯರು ಬಾಯಿ ಬಿಡಲೇಬೇಕಾಯಿತು: ಹಳ್ಳದ ನೀರು ಯಾರೊಬ್ಬರ ಸ್ವತ್ತೂ ಅಲ್ಲ, ಇನ್ನು ಅದಕ್ಕೆ ಒಡ್ಡು ಹಾಕಕೂಡದು. ಆಮೇಲೆ ಆಕೆ ಚೀಲ ಕಿತ್ತಳು. ಹಳ್ಳದ ಒಡ್ಡು ಒಡೆದಿದ್ದು ಒಡೆದ ಹಾಗೇ ಇದೆ.